ಇಪ್ಪತ್ತೆಂಟು ಮಾತ್ರೆ

ವನಜಳಿಗೆ ಗಂಡನ ಮೇಲೆ ಸಿಟ್ಟಿತ್ತು, ನಿಜ. ಆದರೆ ಹೊಟ್ಟೆಯೊಳಗಿನ ಕೆಂಡವೆಲ್ಲ ಗಂಡನ ಅಕ್ಕ ಗುಲಾಬಿಗಾಗಿ ಕಾದಿರಿಸಿದ್ದು. ಜಿತೇಂದ್ರ ಮೊದಲೇ ಹಿತ್ತಾಳೆ ಕಿವಿಯವನು. ಅದರಲ್ಲಿ ಊದಿದವಳು ಅವಳು.

ಜಿತೇಂದ್ರ ಗಂಗೊಳ್ಳಿಯ ಬೋಟಿನಲ್ಲಿ ಕಡಲಿಗೆ ಹೋದರೆ ಹತ್ತು ದಿನ ದಡ ಕಾಣುತ್ತಿರಲಿಲ್ಲ. ಮಗಳು ಪ್ರೇಕ್ಷಾಳ ಹೆರಿಗೆಯಲ್ಲಿ ವನಜ ಸತ್ತು ಬದುಕಿದ್ದಳು. ಮೂರು ವರ್ಷ ಇನ್ನೊಂದು ಬೇಡವೆಂದು ಡಾಕ್ಟರು ಹೇಳಿದ ಮೇಲೆ, ನರ್ಸಮ್ಮ ಕೊಟ್ಟ, ಬಸಿರು ತಡೆಯುವ ಮಾತ್ರೆಯನ್ನು ಊಟವಾದ ಮೇಲೆ ದಿನಕ್ಕೊಂದು ನುಂಗುತ್ತಿದ್ದಳು. ಗಂಡನಿಗೆ ಮಾತ್ರೆಯ ವಿಷಯ ಗೊತ್ತಿತ್ತು. ದಿನವೂ ನುಂಗಬೇಕೆಂಬುದು ಗೊತ್ತಿರಲಿಲ್ಲ.

ಅದೇ ಮನೆಯಲ್ಲಿದ್ದ ಗುಲಾಬಿಗೆ ಗೊತ್ತಿತ್ತು. ಯಾವುದೋ ಮಾತಿಗೆ ವನಜ ಎದುರಾಡಿದ್ದೇ ನೆಪ, ಬೋಟು ದಡ ಸೇರಿದ ದಿನವೇ ತಮ್ಮನ ಕಿವಿಗೆ ಹಾಕಿದಳು.

"ನೀನ್ ಕಡ್ಲಗೆ ಇಪ್ಪತಿಗೂ ಇವ್ಳ್ ದಿನಾ ಮಾತ್ರೆ ತಿಂತಳ್. ಗಂಡ ಇಲ್ದಿಪ್ಪತಿಗೆ ಯಾರಿಗಂತ ತಿಂಬುದ್, ಕೇಣ್!"

ನರ್ಸಮ್ಮನೇ ಹೇಳಿದ್ದೆಂದು ವನಜ ಬಾಯಿ ಬಡಿದುಕೊಂಡಳು. ಯಾರು ಕೇಳುತ್ತಾರೆ? ಜಿತೇಂದ್ರ ಅವಳನ್ನು ಕೋಡಿಯ ತವರಿಗೆ ಅಟ್ಟಿದ. ಎರಡು ವರ್ಷದ ಮಗುವನ್ನು ಮಾತ್ರ ಕೊಡಲಿಲ್ಲ, ಅಕ್ಕನ ಕೈಗೊಪ್ಪಿಸಿ ಮತ್ತೆ ಕಡಲಿಗೆ ಹೋದ. ತಿಂಗಳೊಪ್ಪತ್ತು ವನಜಳ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಮಗು ಬೇಕಿತ್ತು. ಗುಲಾಬಿಯ ಮಾನವೂ ಬೇಕಿತ್ತು.

ಅಂಗನವಾಡಿಯಲ್ಲಿ ತಾಯಂದಿರ ಸಭೆ ಇದ್ದ ದಿನ ಅವಳು ಹೊಳೆ ದಾಟಿ ಗಂಗೊಳ್ಳಿಗೆ ಬಂದಳು. ಗುಲಾಬಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲೇ ಇದ್ದಳು. ಘಟ್ಟದ ಮೇಲಿನ ನರ್ಸಮ್ಮ, ಮಾತ್ರೆಯ ಬಗ್ಗೆ ಸಂಶಯವಿದ್ದರೆ ಕೇಳಿ ಎಂದಾಗ ಹೆಂಗಸರು ಎಂದಿನಂತೆ ಸೆರಗು ಬಾಯಿಗಿಟ್ಟು ನಕ್ಕರು. ವನಜ ಎದ್ದು ನಿಂತಳು.

"ಗಂಡ ಊರಗೆ ಇಲ್ದಿದ್ರೂ ತಿನ್ಕಾ?"

"ದಿನವೂ ತಿನ್ನಬೇಕಮ್ಮ. ಒಂದು ಪಟ್ಟಿಯಲ್ಲಿ ಇಪ್ಪತ್ತೆಂಟು. ನಡುವೆ ಬಿಟ್ಟರೆ ಬಸಿರಾಗಬಹುದು. ಗಂಡ ಬಂದ ದಿನ ಮಾತ್ರ ನುಂಗಿದರೆ ಪ್ರಯೋಜನವಿಲ್ಲ."

ಹೆಂಗಸರು ಮುಖ ಮುಖ ನೋಡಿಕೊಂಡರು. ವನಜ ಅಲ್ಲಿಗೇ ಕೂತಿದ್ದರೂ ಅವಳ ಮಾನ ಉಳಿಯುತ್ತಿತ್ತು. ಅವಳಿಗೆ ಅಷ್ಟು ಸಾಲದು.

"ಹೊಸ್ತಿಗೆ ತಿಂಬೋರಿಗೆ ವಾಂತಿ ಬತ್ತಾ?"

"ಕೆಲವರಿಗೆ ಬರುತ್ತದೆ. ತಲೆನೋವೂ ಇರಬಹುದು. ಎರಡು ಮೂರು ತಿಂಗಳಲ್ಲಿ ಸರಿಹೋಗುತ್ತದೆ."

"ಹಾಂಗಾರೆ ಕೋಲದ ದಿನ ನಮ್ಮನಿ ಬಾವಿಕಟ್ಟೆ ಹತ್ರ ವಾಂತಿ ಮಾಡ್ದೋರ್ ಯಾರ್, ಎಲ್ಲರಿಗೂ ನೆನ್ಪಿತ್ತಲ್ದಾ? ಗುಲಾಬಿ ಅತ್ತಿಗೆ ನನ್ನತ್ರ ಎಂಟ್ ಮಾತ್ರೆ ತಕಂಡ್ ತಿಂದಿದ್ರ್."

ಇದ್ದಬದ್ದ ಕಣ್ಣೆಲ್ಲ ಗುಲಾಬಿಯ ಮೇಲೆ ಬಿದ್ದವು. ಅವಳ ಗಂಡ ಪ್ರೇಮಾನಂದ ಮುಂಬಯಿಯ ಹೋಟೆಲಿನಿಂದ ಊರಿಗೆ ಬಾರದೆ ಒಂದೂವರೆ ವರ್ಷವಾಗಿತ್ತು.

ವನಜ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಮನೆಯ ದೈವದ ಕೋಲದ ದಿನವೇ ಮುಟ್ಟಾಗುತ್ತೇನೆಂದು ಹೆದರಿ, ಅದನ್ನು ಮುಂದೆ ಹಾಕಲು ಗುಲಾಬಿ ಮಾತ್ರೆ ಬೇಡಿದ್ದಳು. ಹಾಗೆ ಮಾಡುವವರು ಊರಲ್ಲಿ ಬೇಕಾದಷ್ಟು ಜನ. ಈ ಅರ್ಧವನ್ನು ಮಾತ್ರ ವನಜ ಬಾಯಲ್ಲೇ ಇಟ್ಟುಕೊಂಡಳು.

"ಅದ್ ಮುಟ್ಟ್ ಮುಂದ್ ಹಾಕುಕೆ! ನೀನೇ ಕೊಟ್ಟದ್ದಲ್ದನೇ? ಹೇಳೇ ವನಜ!" ಗುಲಾಬಿ ಅಳತೊಡಗಿದಳು.

"ನಾನ್ ಹೇಳಿರೆ ಯಾರ್ ನಂಬ್ತ್ರ್, ಅತ್ತಿಗೆ? ನಾನ್ ಗಂಡ ಇಲ್ದಿಪ್ಪತಿಗೆ ಮಾತ್ರೆ ತಿಂಬವ್ಳ್ ಅಲ್ದಾ?"

ಹೊರಡುವಾಗ ಇನ್ನೊಂದು ಮಾತು ಸೇರಿಸಿದಳು. "ಶುಕ್ರವಾರ ಬೋಟ್ ಬತ್ತ್. ಧಕ್ಕೆಲಿ ಎಲ್ಲರೂ ಕೇಂಬ ಹಾಂಗೆ ನಿಮ್ ಸುಳ್ಳ್ ಒಪ್ಕಣಿ. ಮತ್ತೆ ಕಾಂಬ."

ಶುಕ್ರವಾರ ಬೋಟು ಬಂದು ನಿಲ್ಲುವ ಧಕ್ಕೆಯಲ್ಲಿ, ಮೀನಿನ ಬುಟ್ಟಿಗಳ ನಡುವೆ ನಿಂತು ಗುಲಾಬಿ ಒಪ್ಪಿಕೊಂಡಳು. ಜಿತೇಂದ್ರ ತಲೆ ತಗ್ಗಿಸಿ ಮಗುವನ್ನು ತಂದು ವನಜಳ ಕೈಗೆ ಕೊಟ್ಟ. ಪ್ರೇಕ್ಷಾ ತಾಯಿಯ ಕುತ್ತಿಗೆ ತಬ್ಬಿ ಹಿಡಿದಳು.

ಗುಲಾಬಿ ವನಜಳ ರಟ್ಟೆ ಹಿಡಿದಳು. "ಇನ್ನ್ ನೀನೂ ನಿಜ ಹೇಳೇ. ನಮ್ಮನಿಯವ್ರಿಗೆ ಸುದ್ದಿ ಮುಟ್ಟಿತ್ತ್. ಫೋನ್ ತೆಗಿತಿಲ್ಲೆ."

ವನಜ ಸೊಂಟದಿಂದ ಹೊಸ ಪಟ್ಟಿಯೊಂದನ್ನು ತೆಗೆದಳು.

"ನಾನ್ ಒಂದ್ ತಿಂಗ್ಳ್ ಮಗು ಇಲ್ದೆ ಕಳ್ದೆ, ಅತ್ತಿಗೆ. ಇದ್ರಗೆ ಇಪ್ಪತ್ತೆಂಟಿತ್ತ್. ಮುಗ್ದ್ ದಿನ ಹೇಳ್ತೆ."

ಗಂಡನೂ ಧಕ್ಕೆಯ ಜನರೂ ನೋಡುತ್ತಿದ್ದಂತೆ ಮೊದಲನೆಯ ಮಾತ್ರೆಯನ್ನು ಪಟ್ಟಿಯಿಂದ ಬಿಡಿಸಿ ಬಾಯಿಗೆ ಹಾಕಿಕೊಂಡಳು.