ಗುಡಿಸದ ಪಡಸಾಲೆ

“ಗೋದಕ್ಕ, ಅದನ್ನ ಮಾತ್ರ ಮುಟ್ಟಬೇಡಿ” ಎನ್ನುತ್ತ ವೆಂಕಟಾಚಲ ಗೇಟು ದಾಟಿ ಓಡಿ ಬರುವಷ್ಟರಲ್ಲಿ ಗೋದಮ್ಮ ಅರ್ಧ ಪಡಸಾಲೆಯನ್ನು ಮೊರಕ್ಕೆ ಬಳಿದಾಗಿತ್ತು.

ಅವರದೇನೂ ತಪ್ಪಿರಲಿಲ್ಲ. ತಮ್ಮ ದೊರೆಸ್ವಾಮಿಯ ಹೆಣ ಆಸ್ಪತ್ರೆಯ ವ್ಯಾನಿನಲ್ಲಿ ಬೀದಿಯ ಮೇಲೆ ಕಾಯುತ್ತಿತ್ತು. ಇಳಿಸಿ ಮಲಗಿಸಲು ಜಾಗ ಬೇಕಿತ್ತು. ಚಾಮರಾಜಪೇಟೆಯ ಆ ಪುಟ್ಟ ಮನೆಯಲ್ಲಿ ನಾಲ್ಕು ಜನ ನಿಲ್ಲುವಂಥ ಜಾಗವೆಂದರೆ ಪಡಸಾಲೆ ಒಂದೇ. ಅದರ ಉದ್ದಕ್ಕೂ ಹಳೆಯ ಪೇಪರು ಹಾಸಿ ದೊರೆಸ್ವಾಮಿ ತನ್ನ ಇಟಲಿ ಕಾರಿನ ಇಂಜಿನ್ನನ್ನು ಬಿಚ್ಚಿ ಸಾಲಾಗಿ ಇಟ್ಟಿದ್ದ. ವಾಲ್ವುಗಳು, ಸ್ಪ್ರಿಂಗುಗಳು, ಉದ್ದನೆಯ ರಾಡುಗಳು, ಉಗುರಿನಷ್ಟು ವಾಷರುಗಳು. ಕಾರಿನ ಮಿಕ್ಕ ದೇಹ ಹೊರಗೆ ಅಂಗಳದಲ್ಲಿ ಮರದ ದಿಮ್ಮಿಗಳ ಮೇಲೆ ಟಾರ್ಪಾಲು ಹೊದ್ದು ಕೂತಿತ್ತು.

ವೆಂಕಟಾಚಲ ಬಂದವನೇ ಮೊರ ಹಿಡಿದುಕೊಂಡ. “ಸಾಲು ತಪ್ಪಿದ್ರೆ ಇದನ್ನ ಮತ್ತೆ ಜೋಡಿಸೋಕಾಗಲ್ಲ ಅಕ್ಕ. ಯಾವುದು ಎಲ್ಲಿಗೆ ಅನ್ನೋದು ಅವನೊಬ್ಬನಿಗೇ ಗೊತ್ತಿದ್ದದ್ದು.”

“ಹಾಗಾದ್ರೆ ಅವನನ್ನ ಎಲ್ಲಿ ಮಲಗಿಸ್ಲಿ, ನೀನೇ ಹೇಳಪ್ಪ” ಎಂದರು ಗೋದಮ್ಮ. ಕಣ್ಣೀರು ಮೂಗಿನ ತುದಿಗೆ ಬಂದು ನಿಂತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. “ಇದು ಕಬ್ಬಿಣ ಕಣೋ. ಅವನು ನನ್ನ ತಮ್ಮ.”

ವೆಂಕಟಾಚಲ ಮೊರ ಬಿಟ್ಟ. ದೊರೆಸ್ವಾಮಿಯ ಹೆಂಡತಿ ರಂಗನಾಯಕಿ ವ್ಯಾನಿನಿಂದ ಇಳಿದು ಬಂದು ಮೆಟ್ಟಿಲ ಬಳಿಯ ಕಂಬ ಹಿಡಿದು ನಿಂತಿದ್ದಳು. ಮೊರ ತುಂಬಿದ್ದನ್ನು ನೋಡಿದಳು. ಅದರ ಕಡೆಗೆ ಒಂದು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಹೆಣವನ್ನು ಒಳಗೆ ತಂದರು.

*

ಆ ಕಾರು ಮನೆಗೆ ಬಂದದ್ದು ಎಪ್ಪತ್ತಾರರಲ್ಲಿ, ಬಳೇಪೇಟೆಯ ಒಂದು ಗೋಡೌನಿನಿಂದ. ದೊರೆಸ್ವಾಮಿ ಪಿ.ಡಬ್ಲ್ಯು.ಡಿ.ಯಲ್ಲಿ ಡ್ರಾಫ್ಟ್ಸ್‌ಮನ್. ಚರಂಡಿ, ಮೋರಿ, ಸಣ್ಣ ಸೇತುವೆಗಳ ನಕ್ಷೆ ಬರೆದುಕೊಂಡಿದ್ದ ಮನುಷ್ಯ. ಗೌರಿಹಬ್ಬಕ್ಕೆ ಹೆಂಡತಿಗೆ ಬಳೆ ಕೊಡಿಸಲು ಹೋದವನು ಬಳೆಪೆಟ್ಟಿಗೆಗಳ ಹಿಂದೆ ಇಣುಕಿದ ಒಂದು ಮಡ್‌ಗಾರ್ಡಿನ ಬಾಗು ನೋಡಿ ಅಲ್ಲೇ ನಿಂತುಬಿಟ್ಟ. ಮೂವತ್ತನಾಲ್ಕನೇ ಇಸವಿಯ ಫಿಯಟ್ ಬಲಿಲ್ಲಾ ಸ್ಪೋರ್ಟ್, ಎರಡೇ ಸೀಟು. ಅಂಗಡಿಯವನ ತಾತ ಕೊಂಡು, ಕೆಟ್ಟ ಮೇಲೆ ಮೂಲೆಗೆ ತಳ್ಳಿದ್ದು. ತೆಗೆದುಕೊಂಡು ಹೋದರೆ ಜಾಗವಾದರೂ ಆಗುತ್ತದೆ ಎಂದು ಅಂಗಡಿಯವನು ಖುಷಿಯಾಗಿಯೇ ಒಪ್ಪಿದ. ಆ ಗಲಾಟೆಯಲ್ಲಿ ಬಳೆ ಕೊಳ್ಳುವುದು ಗಂಡ ಹೆಂಡತಿ ಇಬ್ಬರಿಗೂ ಮರೆತುಹೋಯಿತು.

ದೊಡ್ಡ ತಳ್ಳುಗಾಡಿಯ ಮೇಲೆ ಮೆರವಣಿಗೆ ಬಂದ ಕಾರನ್ನು ನೋಡಲು ಬೀದಿಯೇ ಹೊರಗೆ ನಿಂತಿತ್ತು. ರಂಗನಾಯಕಿ ಆರತಿ ಎತ್ತಿದಳು. ಗಾಲಿಗೊಂದರಂತೆ ಇಡಲು ನಾಲ್ಕು ನಿಂಬೆಹಣ್ಣು ತಂದರೆ ಕಾರಿಗಿದ್ದದ್ದು ಮೂರೇ ಗಾಲಿ. ಉಳಿದ ಹಣ್ಣನ್ನು ರಾತ್ರಿ ಚಿತ್ರಾನ್ನಕ್ಕೆ ಹಿಂಡಿದಳು. ಗಂಡನನ್ನು ಬಹಳ ದಿನ ಅದರ ಮೇಲೇ ಆಡಿಕೊಂಡಳು.

ಮರುವರ್ಷ ದೊರೆಸ್ವಾಮಿ ಕಚೇರಿಯ ಗೆಳೆಯ ವೆಂಕಟಾಚಲನನ್ನು ಕಟ್ಟಿಕೊಂಡು ಮದರಾಸಿನ ಹತ್ತಿರದ ಷೋಲಾವರಂಗೆ ರೇಸು ನೋಡಲು ಹೋದ. ಅಲ್ಲಿ ಹಳೆಯ ಕಾರುಗಳಿಗೇ ಅಂತ ಒಂದು ಓಟವಿತ್ತು. ಮುದಿ ಕಾರುಗಳು ಹೊಗೆ ಬಿಟ್ಟುಕೊಂಡು ಸುತ್ತು ಹಾಕುವುದನ್ನು ಅವನು ಬಿಸಿಲಲ್ಲಿ ಟೋಪಿ ಕೂಡ ಇಲ್ಲದೆ ನಿಂತು ನೋಡಿದ. ವಾಪಸು ಬರುವಾಗ ರೈಲಿನಲ್ಲಿ, “ಒಂದು ಸಲ ನಮ್ಮದೂ ಅಲ್ಲಿ ಓಡ್ಬೇಕು ಚಲ. ಕೊನೇಲಿ ಬಂದ್ರೂ ಪರವಾಗಿಲ್ಲ” ಎಂದ.

ಅಲ್ಲಿಂದ ಮುಂದೆ ಅವನ ಸಂಜೆಗಳು, ಭಾನುವಾರಗಳು, ಹಬ್ಬದ ರಜೆಗಳು ಎಲ್ಲ ಕಾರಿನ ಪಾಲಾದವು. ಈ ವರ್ಷ ಫೆಬ್ರವರಿಯ ಓಟಕ್ಕೆ ಹೆಸರನ್ನೂ ಕೊಟ್ಟಿದ್ದ. ಈಗ ಜನವರಿ ಮುಗಿಯುತ್ತಿತ್ತು.

*

ಸ್ನಾನ ಮಾಡಿಸಿ ನಾಮ ಹಚ್ಚಿ ಚಟ್ಟ ಎತ್ತಿದಾಗ ಅಂಗಳದಲ್ಲಿ ಇನ್ನೊಂದು ತೊಡಕಾಯಿತು. ಗೇಟಿಗೂ ಮೆಟ್ಟಿಲಿಗೂ ನಡುವೆ ಕಾರು. ಹೊತ್ತವರು ಅಡ್ಡಡ್ಡ ಹೆಜ್ಜೆ ಇಟ್ಟು ನುಸುಳಬೇಕಾಯಿತು. ಹಿಂದುಗಡೆಯವನ ಪಂಚೆ ಟಾರ್ಪಾಲಿನ ಹಗ್ಗಕ್ಕೆ ಸಿಕ್ಕಿ ಎಲ್ಲರೂ ಕ್ಷಣಹೊತ್ತು ಹಾಗೇ ನಿಂತರು. ದೊರೆಸ್ವಾಮಿ ಕಾರಿನ ಪಕ್ಕದಲ್ಲಿ, ಕಾರಿನಷ್ಟೇ ಎತ್ತರದಲ್ಲಿ, ಸುಮ್ಮನೆ ಮಲಗಿದ್ದ. ವೆಂಕಟಾಚಲನಿಗೆ ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

ಸ್ಮಶಾನದಲ್ಲಿ ಪಕ್ಕದ ಮನೆಯ ಗಂಗಾಧರಯ್ಯ ಅವನ ಹತ್ತಿರ ಬಂದು ನಿಂತರು. ಒಳ್ಳೆಯ ಮನುಷ್ಯ, ದೊರೆಸ್ವಾಮಿಯ ಸುತ್ತಿಗೆ ಸದ್ದನ್ನು ಇಷ್ಟು ವರ್ಷ ಸಹಿಸಿದವರು. “ಕಾರಿನ ಗತಿ ಏನು ಸ್ವಾಮಿ?” ಎಂದು ಕೇಳಿದರು.

“ಓಟಕ್ಕೆ ಹೆಸರು ಕೊಟ್ಟಿದಾನೆ.”

“ನಿಮಗೆ ಜೋಡಿಸೋಕೆ ಬರತ್ತಾ?”

ವೆಂಕಟಾಚಲನಿಗೆ ಬರುತ್ತಿರಲಿಲ್ಲ. ಇಷ್ಟು ವರ್ಷ ಅವನು ಹಿಡಿದದ್ದು ಬರೀ ಟಾರ್ಚು. ಅದೂ ಕಿವಿಯನ್ನು ಕ್ರಿಕೆಟ್ ಕಾಮೆಂಟರಿಗೆ ಕೊಟ್ಟುಕೊಂಡು. ಎಷ್ಟೋ ಸಲ ಬೆಳಕು ಗೋಡೆಯ ಮೇಲೆ ಬಿದ್ದಿರುತ್ತಿತ್ತು. “ಇಲ್ಲಿ ಹಿಡಿಯೋ ಮಾರಾಯ” ಎಂದು ದೊರೆಸ್ವಾಮಿ ಅವನ ಮಣಿಕಟ್ಟು ಹಿಡಿದು ತಿರುಗಿಸುತ್ತಿದ್ದ. ಈಗ ಆ ಕೈಯಲ್ಲಿ ಕಟ್ಟಿಗೆಯ ಚೂರು ಇತ್ತು. ಎಲ್ಲರ ಹಾಗೆ ಅವನೂ ಅದನ್ನು ಚಿತೆಗೆ ಹಾಕಿದ.

*

“ನೋಡೇ, ಇವು ಎಂಟೂ ನೋಡೋಕೆ ಒಂದೇ ಥರ” ಎಂದು ದೊರೆಸ್ವಾಮಿ ಹೆಂಡತಿಗೆ ವಾಲ್ವುಗಳನ್ನು ತೋರಿಸಿದ್ದ, ಸಂಕ್ರಾಂತಿಯ ಮಾರನೆಯ ದಿನ. ಮೂಲದ ವಾಲ್ವುಗಳು ತುಕ್ಕು ತಿಂದುಹೋಗಿದ್ದವು. ಬೇರೆ ಗಾಡಿಗಳದ್ದನ್ನು ತಂದು, ಕಡೆದು, ಒಂದೊಂದನ್ನೂ ಅದರದರ ಕುಳಿಯಲ್ಲೇ ಕೂರಿಸಿ ಪುಡಿ ಹಚ್ಚಿ ಕೈಯಿಂದ ಉಜ್ಜಿ ಉಜ್ಜಿ ಹೊಂದಿಸಿದ್ದ. ಪೇಪರಿನ ಮೇಲೆ ಎಂಟು ಗುಂಪು. ಪ್ರತಿ ವಾಲ್ವಿನ ಪಕ್ಕ ಅದರ ಸ್ಪ್ರಿಂಗು, ಅದರ ರಾಡು, ಅದರ ವಾಷರು. “ಎಂಟು ಸಂಸಾರ ಇವು. ಒಬ್ಬರ ಮನೆಗೆ ಇನ್ನೊಬ್ಬರು ಹೋದ್ರೆ ಮುಗೀತು.”

ಗುರುತು ಹಾಕಿಡಿ ಎಂದಳು ಅವಳು. ಸಾಲೇ ಗುರುತು, ಅದಕ್ಕೇನಾಗುತ್ತೆ ಎಂದು ಅವನು ನಕ್ಕ.

ಆ ವಾರವೇ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿದ್ದರು. ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಅವಳು ಕಿವಿ ಹತ್ತಿರ ತಂದಾಗ, “ಪಡಸಾಲೆ ಗುಡಿಸಬೇಡ” ಎಂದ. ಅವನು ಅವಳಿಗೆ ಹೇಳಿದ ಕೊನೆಯ ಮಾತು ಅದು. ಹೆಂಡತಿಗೆ ಹೇಳಲು ಬೇರೆ ಏನೂ ಇರಲಿಲ್ಲವೇ ಎಂದು ಅವಳಿಗೆ ಸಿಟ್ಟೂ ಬಂತು. ಆದರೂ ಆಸ್ಪತ್ರೆಗೂ ಮನೆಗೂ ಅಲೆದಷ್ಟು ದಿನವೂ ಕೆಲಸದವಳನ್ನು ಒಳಗೆ ಬಿಡಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು, ಪೇಪರಿನ ಅಂಚಿನಲ್ಲೇ ಕಾಲಿಟ್ಟು ಓಡಾಡಿದಳು.

*

ಸ್ಮಶಾನಕ್ಕೆ ಹೋದವರೆಲ್ಲ ಸ್ನಾನ ಮಾಡಿ, ಹೆಣ ಮಲಗಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಹೊರಡಬೇಕು. ಸಾವಿನ ಮನೆಯಲ್ಲಿ ‘ಬರ್ತೀನಿ’ ಅನ್ನುವ ಹಾಗಿಲ್ಲ. ಸಂಜೆ ವೆಂಕಟಾಚಲ ಒದ್ದೆ ತಲೆಯಲ್ಲಿ ಗೇಟು ತೆರೆದ. ಮನೆ ತೊಳೆದ ನೀರು ಇನ್ನೂ ಅಂಗಳದ ಮೋರಿಯಲ್ಲಿ ಹರಿಯುತ್ತಿತ್ತು. ಅದರಲ್ಲಿ ಏನೋ ಹೊಳೆಯಿತು. ಬಗ್ಗಿ ತೆಗೆದ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಲೋಹದ ಹೋಳು. ವಾಲ್ವನ್ನು ಸ್ಪ್ರಿಂಗಿಗೆ ಹಿಡಿದಿಡುವ ಜೋಡಿ ಹೋಳುಗಳಲ್ಲಿ ಒಂದು. ಇನ್ನೊಂದಕ್ಕಾಗಿ ಮೋರಿಯ ಉದ್ದಕ್ಕೂ ಕೈಯಾಡಿಸಿದ. ಸಿಗಲಿಲ್ಲ.

ಗೋದಮ್ಮ ಬಾಗಿಲಿಗೆ ಬಂದರು. “ಎಲ್ಲ ಮೈಲಿಗೆ ಆಗಿತ್ತಲ್ಲಪ್ಪ, ಹುಣಿಸೇಹಣ್ಣು ಹಾಕಿ ತಿಕ್ಕಿಟ್ಟಿದೀನಿ. ಅವನ ಸಾಮಾನು ಅಂತ ಒಂದನ್ನೂ ಬಿಟ್ಟಿಲ್ಲ” ಎಂದರು. ಅವರ ಬೆರಳುಗಳು ನೀರಿನಲ್ಲಿ ನೆನೆದು ಬೆಳ್ಳಗಾಗಿದ್ದವು.

ಪಡಸಾಲೆಯಲ್ಲಿ ದೀಪದ ಪಕ್ಕ ಹೊಸ ಪೇಪರು ಹಾಸಿತ್ತು. ಅದರ ಮುಂದೆ ರಂಗನಾಯಕಿ ಮಂಡಿಯೂರಿ ಕೂತಿದ್ದಳು. ಎಣ್ಣೆಯ ಜಿಡ್ಡೆಲ್ಲ ಹೋಗಿ ಒಂದೊಂದೂ ಹಬ್ಬಕ್ಕೆ ಬೆಳಗಿದ ಪಾತ್ರೆಯ ಹಾಗೆ ಥಳಥಳಿಸುತ್ತಿತ್ತು. ವಾಲ್ವುಗಳೆಲ್ಲ ಒಂದು ಕಡೆ, ಸ್ಪ್ರಿಂಗುಗಳೆಲ್ಲ ಒಂದು ಕಡೆ, ರಾಡುಗಳು ಒಂದು ಕಡೆ; ದೊಡ್ಡದರಿಂದ ಚಿಕ್ಕದಕ್ಕೆ ಎಳೆದ ಗೆರೆಯಂತೆ ನೆಟ್ಟಗೆ ಜೋಡಿಸಿದ್ದಳು. ಎಂಟು ಸಂಸಾರಗಳಲ್ಲಿ ಒಂದೂ ಉಳಿದಿರಲಿಲ್ಲ.

“ಹೀಗೇ ಅಲ್ವಾ ಇದ್ದದ್ದು?” ಎಂದು ಅವಳು ತಲೆ ಎತ್ತದೆ ಕೇಳಿದಳು. “ನಾನು ದಿನಾ ನೋಡಿದೀನಿ. ಆದರೂ ಒಂದ್ಸಲ ನೀವು ನೋಡಿಬಿಡಿ.”

ವೆಂಕಟಾಚಲ ನೋಡಿದ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ.

“ಹೀಗೇ ಇತ್ತು ಅತ್ತಿಗೆ.”

“ಹಾಗಾದ್ರೆ ಜೋಡಿಸಬಹುದು.”

“ಜೋಡಿಸಬಹುದು.”

ಅವಳು ತಲೆಯಾಡಿಸಿದಳು. ಹೊರಡಲು ತಿರುಗಿದ ವೆಂಕಟಾಚಲನಿಗೆ ಮುಷ್ಟಿಯಲ್ಲಿದ್ದ ಹೋಳಿನ ನೆನಪಾಯಿತು. ಅದು ಯಾವ ವಾಲ್ವಿನದೋ ಅವನಿಗೆ ಗೊತ್ತಿರಲಿಲ್ಲ. ಬಗ್ಗಿ, ಎಲ್ಲಕ್ಕಿಂತ ಚಿಕ್ಕವು ಇದ್ದ ತುದಿಯಲ್ಲಿ ಅದನ್ನಿಟ್ಟ. ಸ್ವಲ್ಪ ಓರೆಯಾಗಿ ಕೂತಿತು. ರಂಗನಾಯಕಿ ಬೆರಳಿನಿಂದ ಮೆಲ್ಲಗೆ ಒತ್ತಿ ಅದನ್ನು ಸಾಲಿಗೆ ನೇರ ಮಾಡಿದಳು.