ಮೀನು ಕಾಣದ ಮಡಕೆ

ದ್ವೀಪದ ಊರಾದ ನಾನ್ಸಿಯೋದಲ್ಲಿ ಬೆಳಗಾಗುವುದೆಂದರೆ, ಸರೋವರದ ಮೇಲಿನ ಮಂಜು ಮೆಲ್ಲಗೆ ಎದ್ದು, ಮನೆಮನೆಯ ಅಂಗಳದಲ್ಲಿ ಒಂದಿಷ್ಟು ಹೊತ್ತು ಕೂತು ಹೋಗುವುದು. ಅದರ ಜೊತೆಗೆ ಮೀನಿನ ವಾಸನೆಯೂ ಬರುತ್ತಿತ್ತು. ಮರಳಿನ ಮೇಲೆ ಹರವಿದ ಸಣ್ಣ ದಗಾ ಮೀನಿಗೆ ಬಿಸಿಲು ತಾಗಿದ್ದೇ ಇಡೀ ದಂಡೆ ಬೆಳ್ಳಿಯಾಗುತ್ತಿತ್ತು. ಬಂದ ಹೊಸತರಲ್ಲಿ ಸಿನಿದುವಿಗೆ, ತಾನು ನೀರಿನೊಳಗೇ ಮನೆ ಮಾಡಿದ್ದೇನೆ ಅನ್ನಿಸಿಬಿಡುತ್ತಿತ್ತು.

ಅವಳದು ದೂರದ ಬೇರೆ ದೇಶದ, ಗೊಂದರ್ ಕಡೆಯ ಬೆಟ್ಟದ ಊರು. ಗಂಡ ಹೆನೊಕ್‌ಗೆ ಈ ದ್ವೀಪದಲ್ಲಿ ಕೊಳವೆಬಾವಿ ಕೊರೆಸುವ ಕೆಲಸ. ವಾರವೆಲ್ಲ ಹಳ್ಳಿಗಳ ಮೇಲಿದ್ದು ಶನಿವಾರ ಮನೆಗೆ ಬರುತ್ತಿದ್ದ. ಉಳಿದ ದಿನ ಅವಳಿಗೆ ಜೊತೆಯೆಂದರೆ ಒಂದೇ ಅಂಗಳದ ಆಚೆ ಬದಿಯ ಮನೆಯ ನ್ಯಾಮಿಜಿ.

ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸ ಶುರುವಾಗಿತ್ತು. ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಇಲ್ಲ. ಸಿನಿದುವಿನ ತಾಯಿಯ ಮನೆಯಲ್ಲಿ ಮೀನೂ ಇಲ್ಲ. ಇಲ್ಲಿ ನೋಡಿದರೆ ಸೊಪ್ಪಿನ ಪಲ್ಯಕ್ಕೂ ದಗಾ ಪುಡಿ ಉದುರಿಸದೆ ಒಲೆಯಿಂದ ಇಳಿಸುವವರಿಲ್ಲ.

"ಏನೇ ತಂಗಿ, ಹಸು ಮೇಯೋದೂ ಸೊಪ್ಪೇ, ನೀನು ತಿನ್ನೋದೂ ಸೊಪ್ಪೇ," ಎಂದು ನ್ಯಾಮಿಜಿ ಪಾತ್ರೆಗೆ ಇಣುಕಿ ನಗುತ್ತಿದ್ದಳು.

"ಹಸುಗೆ ಈರುಳ್ಳಿ ಹುರಿದು ಮೆಣಸಿನಪುಡಿ ಹಾಕಿಕೊಡೋರು ಯಾರಿದ್ದಾರಕ್ಕ, ಪಾಪ."

ಊರಿಂದ ತಂದ, ತೆಫ್ ಎಂಬ ಸಣ್ಣ ಕಾಳಿನ ಹಿಟ್ಟು ಮುಗಿದಿತ್ತು. ಸಂತೆಯಿಂದ ರಾಗಿ ತಂದು ಬೀಸಿಸಿ ಇಂಜೆರಾಕ್ಕೆ ಹಿಟ್ಟು ಕಲಸಿಟ್ಟಳು. ತಟ್ಟೆಯಗಲದ ಆ ಹುಳಿ ದೋಸೆಯಿಲ್ಲದೆ ಅವಳಿಗೆ ಊಟ ಊಟವೇ ಅಲ್ಲ. ಹಿಟ್ಟು ಹುಳಿ ಬರಲಿಲ್ಲ. ಮಡಕೆಗೆ ಕಿವಿಗೊಟ್ಟರೂ ಒಂದು ಗುಳ್ಳೆಯ ಸದ್ದಿಲ್ಲ. ಅವಳು ಹೊಸ್ತಿಲ ಮೇಲೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದನ್ನು ಕಂಡು ನ್ಯಾಮಿಜಿಯ ಗಂಡ ಮಗೆಸಾ ಒಳಗೆ ಹೋಗಿ, ತನ್ನ ತಾಯಿ ಮಾಡಿಟ್ಟ ಹುಳಿ ಅಂಬಲಿಯ ತಳದ ಗಸಿಯನ್ನು ಒಂದು ಬಟ್ಟಲಲ್ಲಿ ತಂದುಕೊಟ್ಟ.

"ಇದನ್ನ ಕಲಸಿ ನೋಡು. ನಮ್ಮವ್ವನ ಅಂಬಲಿ ಮುಟ್ಟಿದರೆ ಕಲ್ಲೂ ಉಬ್ಬತ್ತೆ."

ಮರುದಿನ ಮಡಕೆ ಉಸಿರಾಡುತ್ತಿತ್ತು. ಮೊದಲ ಇಂಜೆರಾ ತಿಂದವನು ಮಗೆಸಾನೇ. ಕೆಂಪು ಬೇಳೆಯ ಗೊಜ್ಜನ್ನು ಬೆರಳಿಂದ ಬಳಿದು, "ಮೀನಿಲ್ಲದಿದ್ರೂ ರುಚಿ ಇರತ್ತೆ ಅಂತ ಇವತ್ತು ಗೊತ್ತಾಯ್ತು. ಇವಳಿಗೆ ಹೇಳಬೇಡ, ದಿನಾ ಸೊಪ್ಪು ಬೇಯಿಸಿಬಿಡ್ತಾಳೆ," ಎಂದ. ನ್ಯಾಮಿಜಿ ಅವನ ಬೆನ್ನಿಗೊಂದು ಗುದ್ದಿದಳು.

ಬೆಳದಿಂಗಳಿಲ್ಲದ ವಾರದಲ್ಲಿ ದಗಾ ಹಿಡಿಯುವ ದೋಣಿಗಳು ದೀಪ ಕಟ್ಟಿಕೊಂಡು ಹೋಗುತ್ತವೆ. ಮುಸ್ಸಂಜೆಯಲ್ಲಿ ದಂಡೆಯಿಂದ ನೋಡಿದರೆ, ದೂರದ ನೀರಿನ ಮೇಲೆ ಇನ್ನೊಂದು ಊರು ದೀಪ ಹಚ್ಚಿಕೊಂಡು ಕೂತ ಹಾಗೆ. ಒಂದು ರಾತ್ರಿ ಮೀನು ಹಿಡಿಯಲು ಆ ಊರಿಗೆ ಹೋದ ಮಗೆಸಾ ಹಿಂದಿರುಗಲಿಲ್ಲ. ಗಾಳಿ ಎದ್ದಿತ್ತು. ದೋಣಿ ಕವುಚಿಕೊಂಡು ತೇಲಿಬಂತು. ಜೊತೆಯವರು ಅದನ್ನು ಹಿಡಿದುಕೊಂಡು ಬದುಕಿದರು. ಮಗೆಸಾನನ್ನು ಎಷ್ಟು ಹುಡುಕಿದರೂ ನೀರು ಕೊಡಲಿಲ್ಲ.

ಅಂಗಳದ ತುಂಬ ಚಾಪೆ ಹಾಸಿ ಹೆಂಗಸರು ಬಂದು ಕೂತರು. ಬಂದವರೆಲ್ಲ ಉಗಾಲಿ ಮುದ್ದೆ, ಮೀನಿನ ಸಾರು ತಂದರು. ನ್ಯಾಮಿಜಿ ಮುಖ ತಿರುಗಿಸಿದಳು. ನೆಂಟರೆಲ್ಲ ಎದ್ದು ಹೋದ ಮೇಲೂ ಅವಳು ತಿನ್ನಲಿಲ್ಲ. ಬರೀ ಚಹಾ ಕುಡಿದು ಗೋಡೆಗೊರಗಿ ಕೂತಿರುತ್ತಿದ್ದಳು. ಕೆನ್ನೆಯ ಮೂಳೆ ಎದ್ದು ಕಾಣತೊಡಗಿತು.

"ಅವನು ಹೋದ, ಇವಳೂ ಹೊರಟು ನಿಂತಿದ್ದಾಳೆ," ಎಂದು ಮಗೆಸಾನ ತಾಯಿ ಸಿನಿದುವಿನ ಕೈ ಹಿಡಿದುಕೊಂಡಳು. "ನೀನಾದ್ರೂ ಕೇಳು ಮಗಳೇ. ನನ್ನ ಹತ್ರ ಬಾಯೇ ಬಿಡಲ್ಲ."

ಆ ಮಧ್ಯಾಹ್ನ ಸಿನಿದು ನ್ಯಾಮಿಜಿಯ ಪಕ್ಕ ಹೋಗಿ ಸುಮ್ಮನೆ ಕೂತಳು. ಸರೋವರದ ಮೇಲೆ ನೊಣಗಳ ಹಿಂಡು ಹೊಗೆಯ ಕಂಬಗಳಂತೆ ಎದ್ದು ತಿರುಗುತ್ತಿತ್ತು. ಕಡೆಗೆ ನ್ಯಾಮಿಜಿಯೇ ಮಾತಾಡಿದಳು.

"ಅವನು ಆ ನೀರಲ್ಲೇ ಇದ್ದಾನೆ ತಂಗಿ. ಆ ಮೀನುಗಳೂ ಅಲ್ಲೇ ಇರೋದು. ನಾನು ಹೆಂಗೆ ತಿನ್ನಲಿ? ಅತ್ತೆಗೆ ಇದನ್ನ ಹೇಳೋಕಾಗತ್ತಾ?"

ಸಿನಿದು ಎದ್ದು ಮನೆಗೆ ಬಂದಳು. ಕುಂಬಳದ ಎಲೆ ಕೊಯ್ದು ನಾರು ತೆಗೆದು ಹೆಚ್ಚಿದಳು. ಕಡಲೆಕಾಯಿ ಹುರಿದು ಕುಟ್ಟಿ ಅದಕ್ಕೆ ಕೂಡಿಸಿದಳು. ಎಣ್ಣೆಯಿಲ್ಲದೆ ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಬಾಡಿಸಿ, ಬೇಳೆ ಬೇಯಿಸಿದಳು. ಕಾದ ಹಂಚಿನ ಮೇಲೆ ಹಿಟ್ಟನ್ನು ಸುತ್ತಿ ಹೊಯ್ದಾಗ ಅದರ ಮೈತುಂಬ ಕಣ್ಣು ತೆರೆದವು. ಹುಳಿ ಹಬೆ ಮುಖಕ್ಕೆ ಬಡಿದು, ತಾನು ಗೊಂದರಿನ ಅಡುಗೆಮನೆಯಲ್ಲಿದ್ದೇನೋ ಈ ದ್ವೀಪದಲ್ಲಿದ್ದೇನೋ ಒಂದು ಗಳಿಗೆ ಅವಳಿಗೇ ತಿಳಿಯಲಿಲ್ಲ.

ತಟ್ಟೆ ಕಂಡು ನ್ಯಾಮಿಜಿ ಕೇಳಿದ್ದು ಒಂದೇ ಮಾತು: "ಈ ಮಡಕೆಯಲ್ಲಿ ಯಾವತ್ತಾದರೂ ಮೀನು ಬೆಂದಿದೆಯಾ?"

"ಇಲ್ಲಕ್ಕ. ನಮ್ಮೂರಿಂದ ತಂದದ್ದು. ಮೀನು ಅಂದರೇನು ಅಂತ್ಲೇ ಅದಕ್ಕೆ ಗೊತ್ತಿಲ್ಲ."

ಸಿನಿದು ಒಂದು ತುಂಡು ಹರಿದು, ಸೊಪ್ಪು ಸುತ್ತಿ, ತುತ್ತು ಮಾಡಿ ಅವಳ ಬಾಯಿಗೆ ಹಿಡಿದಳು. ಅವಳ ಊರಲ್ಲಿ ಪ್ರೀತಿಯವರಿಗೆ ಹಾಗೇ ಉಣಿಸುವುದು. ನ್ಯಾಮಿಜಿ ಬಾಯಿ ತೆರೆದಳು. ಅಗಿಯುತ್ತ ಅಗಿಯುತ್ತ ಕಣ್ಣಲ್ಲಿ ನೀರು ಇಳಿಯಿತು. ಇಷ್ಟು ದಿನ ಅವಳು ಅತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗಿನಂತೆ ಹೊದ್ದ ಕಾಂಗಾ ಬಟ್ಟೆಯನ್ನು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ಅಂದಿನಿಂದ ಎರಡು ಮನೆಗೂ ಒಂದೇ ಒಲೆಯಾಯಿತು. ನ್ಯಾಮಿಜಿ ಹಿತ್ತಲಲ್ಲಿ ಅಲಸಂದೆ ಹಾಕಿದಳು, ಒಣಗಿಸಿದ ಗೆಣಸನ್ನು ಕಡಲೆಕಾಯಿಯ ಜೊತೆ ಬೇಯಿಸುವುದನ್ನು ಸಿನಿದುವಿಗೆ ಕಲಿಸಿದಳು. ಅವಳ ಕೆನ್ನೆ ಮತ್ತೆ ತುಂಬಿಕೊಂಡಿತು. ಅತ್ತೆ ಮಾತ್ರ ಆಗಾಗ ಪಕ್ಕದ ಬೀದಿಗೆ ಹೋಗಿ ಮೀನು ತಿಂದು ಬಂದು, ಬಾಯಿಗೆ ಏಲಕ್ಕಿ ಹಾಕಿಕೊಂಡು ಅಮಾಯಕಳಂತೆ ಕೂರುತ್ತಿದ್ದಳು. ಇಬ್ಬರಿಗೂ ಗೊತ್ತಿತ್ತು. ಯಾರೂ ಕೇಳಲಿಲ್ಲ.

ಈಸ್ಟರ್ ಬಂತು, ಉಪವಾಸ ಮುಗಿಯಿತು. ಹಬ್ಬಕ್ಕೆ ಬಂದ ಹೆನೊಕ್‌ನ ಕೈಯಲ್ಲಿ ದಪ್ಪನೆಯ ಸಾಟೊ ಮೀನು ತೂಗುತ್ತಿತ್ತು.

"ಇನ್ನೇನು, ಹಬ್ಬ ಅಲ್ವಾ?" ಎಂದ.

"ಹಬ್ಬವೇ. ಆದರೆ ಈ ಮನೆಯಲ್ಲಿ ಬೇಡ," ಎಂದು ಸಿನಿದು ಕಾರಣ ಹೇಳಿದಳು. ಅವನು ಮೀನನ್ನು ಬೀದಿಯ ಮೂಲೆಯ ಮನೆಗೆ ಕೊಟ್ಟು ಬಂದ. ಹಬ್ಬದೂಟಕ್ಕೆ ಕೋಳಿ ಬೆಂದಿತು. ನ್ಯಾಮಿಜಿಯೂ ಒಂದು ತುಂಡು ತಿಂದಳು.

ಮಳೆಗಾಲ ಕಳೆದ ಮೇಲೆ ಮನೆಯಲ್ಲಿ ಬೇಳೆ ತೀರಿತು. ಒಳ್ಳೆಯ ಬೇಳೆ ಬೇಕೆಂದರೆ ಫೆರಿ ಹತ್ತಿ ಆಚೆ ದಡದ ಮ್ವಾಂಜಾ ಪಟ್ಟಣಕ್ಕೆ ಹೋಗಬೇಕು.

"ನಾನೂ ಬರ್ತೀನಿ," ಎಂದಳು ನ್ಯಾಮಿಜಿ.

"ನೀರಿನ ಮೇಲೆ ಹೋಗಬೇಕಲ್ಲಕ್ಕ."

"ಗೊತ್ತು. ಅವನನ್ನ ನೋಡಿಕೊಂಡು ಬಂದ ಹಾಗಾಗತ್ತೆ."

ಫೆರಿ ದಂಡೆ ಬಿಟ್ಟಾಗ ಅವಳು ಕಟಕಟೆ ಹಿಡಿದು ನಿಂತು ನೀರನ್ನೇ ನೋಡಿದಳು. ತುಟಿ ಅಲುಗುತ್ತಿತ್ತು, ಸಿನಿದು ಕೇಳಿಸಿಕೊಳ್ಳಲು ಹೋಗಲಿಲ್ಲ. ಮಂಜಿನಲ್ಲಿ ದ್ವೀಪ ಕರಗುತ್ತ ಹೋಯಿತು, ಮೇಲೆ ಕೆಳಗೆ ಎಲ್ಲ ಒಂದೇ ಬಣ್ಣವಾಯಿತು. ಆಮೇಲೆ ನ್ಯಾಮಿಜಿ ಬಂದು ಬೆಂಚಿನ ಮೇಲೆ ಕೂತು, ಸಿನಿದುವಿನ ಭುಜಕ್ಕೆ ತಲೆಯಿಟ್ಟು, ಮಗುವಿನ ಹಾಗೆ ನಿದ್ದೆ ಹೋದಳು. ಆಚೆ ದಡ ಬರುವವರೆಗೂ ಸಿನಿದು ಭುಜ ಅಲುಗಿಸಲಿಲ್ಲ.