ದೊರೈ ಊಟ ಬಿಟ್ಟ

ಅಲ್ಯೂಮಿನಿಯಂ ತಟ್ಟೆಯಲ್ಲಿ ಅನ್ನ ಕಲಸಿಟ್ಟು ಪೇಚಿಯಮ್ಮಾಳ್ ಹಿತ್ತಲ ಮೆಟ್ಟಿಲ ಮೇಲೆ ಕಾದು ಕುಳಿತಿದ್ದಳು. ನಾಯಿಮರಿ ಬಂತು, ಮೂಸಿತು, ಒಂದು ತುತ್ತನ್ನು ಬಾಯಿಗೆ ತೆಗೆದುಕೊಂಡಿತು. ಅವಳ ಮುಖ ಅರಳುವಷ್ಟರಲ್ಲಿ ಆ ತುತ್ತನ್ನು ಹಾಗೇ ನೆಲಕ್ಕೆ ಬಿಟ್ಟು, ತಲೆ ತಗ್ಗಿಸಿ, ನೀರಿನ ತೊಟ್ಟಿಯ ನೆರಳಿಗೆ ಹೋಗಿ ಮಲಗಿತು.

"ಯಾಕೋ ದೊರೈ? ಯಾಕಪ್ಪಾ ರಾಜ? ಅಮ್ಮ ಕಲಸಿದ್ದು ಸೇರಲ್ವಾ ನಿನಗೆ?"

ದೊರೈ ಕಣ್ಣು ಮುಚ್ಚಿಕೊಂಡಿತು.

ರಾಜಪಾಳಯದಲ್ಲಿ ಮನೆ ಮುಂದೆ ಬಿಳಿ ಬೇಟೆನಾಯಿ ಇದ್ದರೆ ಅದು ಬರೀ ಕಾವಲಲ್ಲ, ಮನೆಗೊಂದು ಮರ್ಯಾದೆ. ಹಾಲಿನಂಥ ಮೈ, ಗುಲಾಬಿ ಮೂಗು ನೋಡಿ "ಬಿಳಿ ದೊರೆ ಬಂದ" ಎಂದು ನಕ್ಕು ಹೆಸರಿಟ್ಟವನು ಗಂಡ ಶೆಣ್ಬಗಮೂರ್ತಿ. ಬಂದಾಗ ಮಡಿಲಲ್ಲಿ ಮುದುಡಿಕೊಳ್ಳುತ್ತಿದ್ದ ಮರಿ ನೋಡನೋಡುತ್ತ ಮೊಣಕಾಲೆತ್ತರ ಬೆಳೆದಿತ್ತು. ತಟ್ಟೆ ಇಟ್ಟರೆ ತಟ್ಟೆಯನ್ನೂ ಸೇರಿಸಿ ನುಂಗುವ ಹಾಗೆ ತಿನ್ನುತ್ತಿದ್ದದ್ದು ಈಗ ವಾರದಿಂದ ಊಟವೆಂದರೆ ಮುಖ ತಿರುಗಿಸುತ್ತಿತ್ತು.

ನೂಲಿನ ಗಿರಣಿಗೆ ಹೊರಟಿದ್ದ ಶೆಣ್ಬಗಮೂರ್ತಿ ಚಪ್ಪಲಿ ಮೆಟ್ಟುತ್ತ ಹೇಳಿದ: "ಅದಕ್ಕೇನೂ ಆಗಿಲ್ಲ ಕಣೇ. ಪುರಟ್ಟಾಸಿ ತಿಂಗಳು ಅಂತ ನೀನು ಮನೇಲಿ ಮೀನು, ಮೊಟ್ಟೆ ಎಲ್ಲಾ ನಿಲ್ಲಿಸಿಬಿಟ್ಟೆ. ಪೆರುಮಾಳ್‌ಗೆ ಹರಕೆ ಹೊತ್ತಿರೋದು ನಾವು, ದೊರೈ ಅಲ್ಲ. ಈ ರಸದನ್ನ ನನ್ನ ಗಂಟಲಲ್ಲೇ ಇಳೀತಿಲ್ಲ, ಅದರದ್ದರಲ್ಲಿ ಹೆಂಗೆ ಇಳಿಯುತ್ತೆ?"

"ನಿಮ್ಮ ನಾಲಗೆ ಚಪಲಾನ ನಾಯಿ ಮೇಲೆ ಹಾಕ್ಬೇಡಿ. ಇದು ರಸದನ್ನದ ಸಮಾಚಾರ ಅಲ್ಲ."

"ಮತ್ತೇನು?"

ಪೇಚಿಯಮ್ಮಾಳ್ ಗಲ್ಲ ಎತ್ತಿ ಪಕ್ಕದ ಗೋಡೆಯ ಕಡೆ ತೋರಿಸಿದಳು.

ಗೋಡೆಯಾಚೆ ಗೋಮತಿಯ ಮನೆ. ಗಾಯಕ್ಕೆ ಸುತ್ತುವ ಬಟ್ಟೆ ನೇಯುವ ಮಗ್ಗಗಳಿಂದ ಗಂಟು ಗಂಟು ಬಟ್ಟೆ ತಂದು, ಅಂಗಳದಲ್ಲಿ ಕುಳಿತು ಕತ್ತರಿಸಿ ಮಡಿಸಿ ಕೊಡುವುದು ಅವಳ ಕೆಲಸ. ಸೊಂಟದಲ್ಲಿ ಸದಾ ಒಂದು ಪುಟ್ಟ ಕತ್ತರಿ. ನಲವತ್ತು ದಾಟಿದ ಹೆಂಗಸು, ಮಕ್ಕಳಿಲ್ಲ. ಮಕ್ಕಳಿಲ್ಲದ್ದು ಅವಳ ದುಃಖ. ಓಣಿಯವರ ಬಾಯಲ್ಲಿ ಅದೇ ಅವಳ ತಪ್ಪು.

ದೊರೈ ಊಟ ಬಿಡುವ ಮುಂಚೆ ಒಂದು ದಿನ ಇದೇ ಗೋಮತಿ ಗೋಡೆಗೆ ಕೈಯೂರಿ ನಿಂತು, "ಅಬ್ಬಾ, ಎಷ್ಟು ಚೆನ್ನಾಗಿ ತಿಂತಾನೆ ಅಕ್ಕಾ! ನೋಡ್ತಾನೇ ಇರಬೇಕು ಅನ್ಸುತ್ತೆ" ಎಂದಿದ್ದಳು. ನೋಡುತ್ತಲೇ ಇದ್ದಳು ಕೂಡ. ಪೇಚಿಯಮ್ಮಾಳ್ ಈಗ ಆ ಮಾತನ್ನು ಮತ್ತೆ ಮತ್ತೆ ತಿರುವಿ ನೋಡಿದಳು. ತಿರುವಿದಷ್ಟೂ ಅದರಲ್ಲಿ ವಿಷ ಕಂಡಿತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ.

ಅವಳ ಭಯ ಮರಿಯೊಂದರದ್ದೇ ಆಗಿದ್ದರೆ ಇಷ್ಟು ದೂರ ಹೋಗುತ್ತಿರಲಿಲ್ಲ. ಮಗಳು ಅರಸಿ ತುಂಬಿದ ಬಸುರಿ. ಹಿಂದಿನ ಸಲ ಹೊಟ್ಟೆಯಲ್ಲಿದ್ದದ್ದು ಐದನೇ ತಿಂಗಳಲ್ಲೇ ಹೋಗಿತ್ತು. ಪುರಟ್ಟಾಸಿ ಮುಗಿದು ಐಪ್ಪಸಿ ಹುಟ್ಟಿದ ಕೂಡಲೇ ತವರಲ್ಲಿ ಬಳೆ ತೊಡಿಸುವ ಶಾಸ್ತ್ರ. ಮನೆಗೆ ಬರುವ ಕೇಡು ಮೊದಲು ನಾಯಿಯನ್ನು ತಾಗುತ್ತದೆ ಎಂದು ಪೇಚಿಯಮ್ಮಾಳ್‌ಗೆ ಅವಳ ತಾಯಿ ಹೇಳಿದ್ದಳು. ನಾಯಿ ಹೋದರೆ ಅದರ ಹಿಂದೆಯೇ ಕೇಡು ಹೊಸ್ತಿಲು ದಾಟುತ್ತದೆ. ದೊರೈ ಒಂದೊಂದು ಹೊತ್ತು ಊಟ ಬಿಟ್ಟಾಗಲೂ ಅವಳಿಗೆ ಮಗಳ ಹೊಟ್ಟೆಯೇ ಕಣ್ಣ ಮುಂದೆ ಬರುತ್ತಿತ್ತು.

ಅಲ್ಲಿಂದ ಅವಳು ಗೋಡೆ ಕಾಯತೊಡಗಿದಳು. ಕಾಯುವವರಿಗೆ ಏನಾದರೂ ಸಿಕ್ಕೇ ಸಿಗುತ್ತದೆ. ದೊರೈ ಈಗ ಹೋಗಿ ಮಲಗುತ್ತಿದ್ದದ್ದು ಗೋಡೆಯ ಬುಡದಲ್ಲೇ. ಯಾಕೆ ಅಲ್ಲೇ? ಅದು ಮಲಗಿದ ಕಡೆ ಏನೋ ಕೊಳೆತ ವಾಸನೆ. ಏನದು? ಗೋಮತಿ ಏನೋ ಹೂತಿಟ್ಟಿದ್ದಾಳೆ ಎಂದು ಪೇಚಿಯಮ್ಮಾಳ್ ಗುದ್ದಲಿ ಹಿಡಿದು ಗೋಡೆಯ ಬುಡ ಅಗೆದಳು. ಗಾಳಿಗೆ ಹಾರಿ ಬಂದು ಮಣ್ಣು ಸೇರಿದ್ದ ಒಂದು ತುಂಡು ಬಿಳಿ ಬಟ್ಟೆ ಸಿಕ್ಕಿತು. ಅದಕ್ಕೊಂದು ಗಂಟೂ ಬಿದ್ದಿತ್ತು. ಇನ್ನೇನು ಸಾಕ್ಷಿ ಬೇಕು? ಅದನ್ನು ಕಡ್ಡಿಯ ತುದಿಯಲ್ಲಿ ಎತ್ತಿಕೊಂಡು ಹೋಗಿ ಸೀಮೆಎಣ್ಣೆ ಸುರಿದು ಸುಟ್ಟಳು. ವಾಸನೆ ಮಾತ್ರ ಹೋಗಲಿಲ್ಲ.

ಮರುದಿನ ಮಧ್ಯಾಹ್ನ ಅವಳು ಹಿತ್ತಲಿಗೆ ಬಂದಾಗ, ಗೋಡೆಯ ಮೇಲಿಂದ ಬಾಗಿದ ಗೋಮತಿಯ ಕೈಯಲ್ಲಿ ಒಂದು ಬಟ್ಟಲು. ದೊರೈ ಮುಂಗಾಲು ಗೋಡೆಗಿಟ್ಟು ನಿಂತು ಲೊಚಲೊಚನೆ ನೆಕ್ಕುತ್ತಿತ್ತು.

"ಏನದು? ಏನ್ ಹಾಕ್ತಿದೀಯ ನಮ್ಮ ಮರಿಗೆ?"

ಗೋಮತಿ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಳು ನೋಡು ಎಂದುಕೊಂಡಳು ಪೇಚಿಯಮ್ಮಾಳ್.

"ಗಂಜಿ ತಿಳಿ ಅಕ್ಕಾ, ಬೇರೇನಿಲ್ಲ. ಅವನಿಗೆ ಆಸೆ ಇದೆ, ಗಟ್ಟಿ ಪದಾರ್ಥ ನುಂಗೋಕೆ ಆಗ್ತಿಲ್ಲ. ನೀರು ನೀರಾಗಿ ಕೊಟ್ರೆ ಕುಡೀತಾನೆ. ಒಂದು ಸಲ ಡಾಕ್ಟರ್‌ಗೆ ತೋರಿಸಿ. ಗಂಟಲಲ್ಲಿ ಮೂಳೆ ಗೀಳೆ..."

"ನಮ್ಮ ಮನೇಲಿ ಈ ತಿಂಗಳು ಮೂಳೆ ಎಲ್ಲಿಂದ ಬರುತ್ತೆ? ನಮ್ಮ ಮರಿ ಹಸಿವು ನೋಡ್ಕೊಳ್ಳೋಕೆ ನಾವಿದೀವಿ. ನೀನು ನೋಡಿದ್ದೇ ಹೆಚ್ಚಾಗಿರೋದು."

ಗೋಮತಿಗೆ ಅರ್ಥವಾಯಿತು. ಓಣಿಯ ಉಳಿದವರು ಅಂದದ್ದನ್ನು ಅವಳು ಕೇಳಿ ಕೇಳಿ ಬಿಟ್ಟಿದ್ದಳು. ಈ ಗೋಡೆಯಾಚೆಯಿಂದ ಅದು ಬಂದದ್ದು ಇದೇ ಮೊದಲು.

ಪೇಚಿಯಮ್ಮಾಳ್ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಇನ್ನೊಂದು ಮಾತು. ಅರಸಿಗೆ ಬಳೆ ತೊಡಿಸೋ ದಿನ ನಿನಗೂ ಮಗ್ಗದವರ ಕೆಲಸ ಇರುತ್ತೆ. ಬರೋ ತೊಂದರೆ ತಗೋಬೇಡ."

ಗೋಮತಿ ಬಟ್ಟಲನ್ನು ಸೆರಗಿನಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. "ನೀವು ಬೆಳಗಿನ ಪಾಳಿಗೆ ಗಿರಣಿಗೆ ಹೋಗ್ತಿದ್ದಾಗ ಅರಸಿಗೆ ಜಡೆ ಹಾಕಿ ಶಾಲೆಗೆ ಕಳಿಸಿದ್ದು ಈ ಕೈ ಅಕ್ಕಾ. ಅವಳು ತಿನ್ನೋದನ್ನೂ ನೋಡ್ತಾ ಕೂತಿದ್ದೆ, ದಿನಾ. ಆಗ ನನ್ನ ಕಣ್ಣು ಚೆನ್ನಾಗಿತ್ತಾ?" ಎಂದವಳು ಉತ್ತರಕ್ಕೆ ನಿಲ್ಲದೆ ಒಳಗೆ ಹೋದಳು.

ಆ ಮಾತು ಪೇಚಿಯಮ್ಮಾಳ್‌ಗೆ ಚುಚ್ಚಿತು, ನಿಜ. ಆದರೆ ಸಂಶಯ ಹೊಕ್ಕ ಮನಸ್ಸಿಗೆ ಚುಚ್ಚಿದ್ದೂ ಮಾಟದ ಹಾಗೇ ಕಾಣುತ್ತದೆ. ಸಂಜೆ ಉಪ್ಪು, ಮೆಣಸಿನಕಾಯಿ ಹಿಡಿದು ದೊರೈಗೆ ನಿವಾಳಿಸಿದಳು. ಗೋಮತಿಯ ಬಾಗಿಲಿಗೆ ಮುಖ ಮಾಡಿ, "ಕಂಡ ಕಣ್ಣು, ಕೆಟ್ಟ ಕಣ್ಣು, ಬಂಜೆ ಕಣ್ಣು ಎಲ್ಲಾ ಸುಟ್ಟುಹೋಗಲಿ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿ ಕೆಂಡಕ್ಕೆ ಸುರಿದಳು.

"ನೋಡಿದ್ರಾ? ಇಷ್ಟು ಮೆಣಸಿನಕಾಯಿ ಸುಟ್ರೂ ಒಂಚೂರು ಘಾಟಿಲ್ಲ. ಅಷ್ಟು ದೊಡ್ಡ ದೃಷ್ಟಿ!"

ಶೆಣ್ಬಗಮೂರ್ತಿ ಬಗ್ಗಿ ಕೆಮ್ಮುತ್ತ, ಕಣ್ಣೀರು ಒರೆಸಿಕೊಳ್ಳುತ್ತ, "ಹೌದೌದು, ಘಾಟೇ ಇಲ್ಲ" ಎಂದ. ದೊರೈ ಕೆಮ್ಮಲೂ ಆಗದೆ ಕತ್ತು ಚಾಚಿ ಗೊರಗೊರ ಎನ್ನುತ್ತಿತ್ತು.

ಆ ವಾರವೇ ಅರಸಿ ಬಂದಳು. ಪೇಚಿಯಮ್ಮಾಳ್ ಬಾಗಿಲಲ್ಲೇ ಮಗಳ ಬಲ ಮಣಿಕಟ್ಟಿಗೆ ಅರಿಸಿನ ಸವರಿದ ಕಪ್ಪು ದಾರ ಕಟ್ಟಿ, ಮೂರು ಗಂಟು ಬಿಗಿದಳು.

"ಗೋಮತಿ ಚಿಕ್ಕಮ್ಮ ಯಾಕಮ್ಮಾ ಕಾಣಿಸ್ತಿಲ್ಲ? ನಾನು ಬರ್ತೀನಿ ಅಂದ್ರೆ ಬೀದೀಲೇ ನಿಂತಿರೋಳು."

"ಅವಳ ಸುದ್ದಿ ಬೇಡ. ಹೋದ ಸಲ ನಿನ್ನ ಹೊಟ್ಟೆ ಮೇಲೆ ಕೈ ಇಟ್ಟು ನೋಡಿದ್ದಳು, ನೆನಪಿದೆಯಾ?"

"ಅವಳು ಕೈ ಇಟ್ಟದ್ದಕ್ಕಲ್ಲಮ್ಮಾ ಅದು ಹೋಗಿದ್ದು. ನನ್ನ ರಕ್ತದಲ್ಲೇ ತೊಂದರೆ ಇತ್ತು ಅಂತ ಡಾಕ್ಟರ್ ನಿನ್ನೆದುರಿಗೇ ಹೇಳಲಿಲ್ವಾ?"

"ಡಾಕ್ಟರ್‌ಗೆ ಕಾಣದ್ದೂ ಇರುತ್ತೆ ಕಣೇ. ನೀನು ಒಳಗೆ ಹೋಗಿ ಮಲಗು."

ಶನಿವಾರ ಪೆರುಮಾಳ್ ಗುಡಿಗೆ ಹೋದ ಪೇಚಿಯಮ್ಮಾಳ್, ಬರುವಾಗ ಊರಾಚೆಯ ಕಾವಲು ದೇವರ ಪೂಜಾರಿಯಿಂದ ಮಂತ್ರಿಸಿದ ಹೊಸ ದಾರವೊಂದನ್ನು ತಂದಳು. ಇದು ಗಟ್ಟಿ ದಾರ, ಯಾರ ಕಣ್ಣಿಗೂ ಜಗ್ಗುವುದಿಲ್ಲ ಎಂದಿದ್ದನಂತೆ. ಗಂಡ ಗಿರಣಿಯಲ್ಲಿದ್ದ, ಮಗಳು ಒಳಗೆ ನಿದ್ದೆಯಲ್ಲಿದ್ದಳು. ಪೇಚಿಯಮ್ಮಾಳ್ ಹಿತ್ತಲಲ್ಲಿ ಕುಳಿತು ದೊರೈಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಎತ್ತಿದರೆ ತೂಕವೇ ಇರಲಿಲ್ಲ, ಪಕ್ಕೆಲುಬು ಕೈಗೆ ಹತ್ತುತ್ತಿದ್ದವು. "ಇದೊಂದು ಕಟ್ಟಿಬಿಡ್ತೀನಿ ರಾಜ, ಎಲ್ಲಾ ಸರಿಹೋಗುತ್ತೆ" ಎನ್ನುತ್ತ, ದಾರ ಮೈಗೆ ತಾಗಬೇಕಲ್ಲ ಎಂದು ಕೊರಳಿನ ಅಗಲವಾದ ಕೆಂಪು ಚರ್ಮದ ಪಟ್ಟಿಯನ್ನು ಬಿಚ್ಚಿದಳು.

ಕೊಳೆತ ವಾಸನೆ ಮುಖಕ್ಕೆ ಹೊಡೆಯಿತು.

ಪಟ್ಟಿ ಕಟ್ಟಿದವನು ಗಂಡ. ಮರಿ ಬೆಳೆದ ಹಾಗೆಲ್ಲ ಅದನ್ನು ಒಂದೊಂದೇ ರಂಧ್ರ ಸಡಿಲಿಸುತ್ತಿದ್ದನೇ ಹೊರತು ಪೂರ್ತಿ ತೆಗೆದು ನೋಡಿರಲಿಲ್ಲ. ಪಟ್ಟಿಯ ಅಡಿಯಲ್ಲಿ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು. ಅವಳು ಬೆರಳಿನಿಂದ ಬಿಡಿಸಿ ನೋಡಿದಳು. ಕೊರಳ ಸುತ್ತ ಬಳೆಯಿಟ್ಟು ಒತ್ತಿದ ಹಾಗೆ ಒಂದು ಗಾಯ. ಗಾಯದ ಒಳಗೆ, ಮಾಂಸದಲ್ಲಿ ಹೂತುಹೋಗಿ, ಏನೋ ಕಪ್ಪು. ಕತ್ತಿನ ಹಿಂಬದಿಯಲ್ಲಿ ಮಾತ್ರ ಅದು ಚೂರು ಹೊರಗೆ ಕಾಣುತ್ತಿತ್ತು. ಅಲ್ಲಿ ಅರಿಸಿನ ಮಾಸಿದ ಮೂರು ಗಂಟುಗಳಿದ್ದವು.

ಆ ಗಂಟು ಯಾರದೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಮರಿ ಬಂದ ದಿನ, ಇಷ್ಟು ಚೆಂದದ ಮರಿಗೆ ಯಾರ ಕಣ್ಣೂ ಬೀಳದಿರಲಿ ಎಂದು, ಬಿಚ್ಚಿ ಹೋಗದ ಹಾಗೆ ಬಿಗಿದು ಕಟ್ಟಿದವಳು ಅವಳೇ. ಮರಿ ಬೆಳೆದಿತ್ತು, ದಾರ ಬೆಳೆದಿರಲಿಲ್ಲ.

ಪೇಚಿಯಮ್ಮಾಳ್ ಉಗುರಿನಿಂದ ಗಂಟು ಬಿಡಿಸಲು ಹೋದಳು. ದೊರೈ ಕಿರುಚಿತು. ಅವಳ ಹಿಡಿತಕ್ಕೆ ಸಿಗದೆ ಕೊಸರಾಡಿತು. ಒಬ್ಬರು ಹಿಡಿಯಬೇಕು, ಒಬ್ಬರು ಕತ್ತರಿಸಬೇಕು. ತುಂಬಿದ ಬಸುರಿಯನ್ನು ಎಬ್ಬಿಸುವುದು ಹೇಗೆ?

"ಗೋಮತೀ! ಏ ಗೋಮತೀ! ಬಾರೇ, ಕತ್ತರಿ ತಗೊಂಡು ಬಾರೇ!"

ಗೋಮತಿ ಓಡಿ ಬಂದಳು. ಬಂದವಳು ಹಿತ್ತಲ ಬಾಗಿಲ ಹೊರಗೇ ನಿಂತುಬಿಟ್ಟಳು. ಕತ್ತರಿಯನ್ನು ಮಾತ್ರ ಮುಂದೆ ಚಾಚಿದಳು.

"ಯಾಕೆ ನಿಂತೆ? ಒಳಗೆ ಬಾ!"

"ನಾನು ಮುಟ್ಟಬಹುದಾ ಅಕ್ಕಾ?"

ಅದು ಕೊಂಕಲ್ಲ. ನಿಜವಾಗಿಯೇ ಕೇಳಿದ್ದಳು, ಅಪ್ಪಣೆ ಕೇಳುವವರ ಹಾಗೆ. ಅಂಥದೊಂದು ಪ್ರಶ್ನೆ ಆ ಬಾಯಲ್ಲಿ ಬರುವ ಹಾಗೆ ಮಾಡಿದವಳು ತಾನು ಎಂಬುದು ಪೇಚಿಯಮ್ಮಾಳ್‌ಗೆ ಹೊಳೆದು ನಾಚಿಕೆಯಿಂದ ಮುಖ ಸುಟ್ಟಿತು. ಎದ್ದು ಹೋಗಿ ಅವಳ ಕೈ ಹಿಡಿದು ಒಳಗೆ ಎಳೆದುಕೊಂಡಳು.

ಪೇಚಿಯಮ್ಮಾಳ್ ದೊರೈಯ ತಲೆಯನ್ನು ಎದೆಗೊತ್ತಿ ಹಿಡಿದಳು. ದಿನವಿಡೀ ಬಟ್ಟೆ ಕತ್ತರಿಸುವ ಕೈ ಗೋಮತಿಯದು. ಗಂಟಿನ ಪಕ್ಕ ಕತ್ತರಿಯ ತುದಿ ತೂರಿಸಿ ಒಮ್ಮೆಗೇ ಕತ್ತರಿಸಿ, ದಾರವನ್ನು ಮಾಂಸದಿಂದ ಮೆಲ್ಲಗೆ ಬಿಡಿಸಿದಳು. ಓಡಿ ಹೋಗಿ ತಾನು ಮಡಿಸಿಟ್ಟ ಬಟ್ಟೆಯನ್ನೇ ತಂದು ಕೊರಳಿಗೆ ಸುತ್ತಿದಳು. ಇಬ್ಬರೂ ಆಟೋ ಹಿಡಿದು ಮರಿಯನ್ನು ದನದಾಸ್ಪತ್ರೆಗೆ ಒಯ್ದರು.

ಗಾಯ ತೊಳೆಯುತ್ತಿದ್ದ ಡಾಕ್ಟರ್ ತಲೆಯೆತ್ತದೆ ಕೇಳಿದರು: "ಇನ್ನು ನಾಲ್ಕು ದಿನ ಬಿಟ್ಟಿದ್ರೆ ಸತ್ತೇ ಹೋಗ್ತಿತ್ತು. ಯಾರ್ರೀ ಇದನ್ನ ಕಟ್ಟಿದ್ದು?"

ಗೋಮತಿ ಗೋಡೆಯ ಕಡೆ ನೋಡಿದಳು.

"ನಾನೇ ಸಾರ್," ಎಂದಳು ಪೇಚಿಯಮ್ಮಾಳ್.

ದೊರೈ ಮೊದಲು ಗಂಜಿ ಕುಡಿಯಿತು, ಆಮೇಲೆ ಗಂಜಿಯಲ್ಲಿ ಹಿಚುಕಿದ ಅನ್ನ. ಶೆಣ್ಬಗಮೂರ್ತಿ ಒಂದು ದಿನ ಜೇಬಿನಲ್ಲಿ ಮೊಟ್ಟೆ ಬಚ್ಚಿಟ್ಟುಕೊಂಡು ಬಂದು ಸಿಕ್ಕಿಬಿದ್ದ. "ಡಾಕ್ಟರ್ ಹೇಳಿದ್ದು ಕಣೇ, ಪೆರುಮಾಳ್ ಏನೂ ಅಂದ್ಕೊಳಲ್ಲ" ಎಂದ. ಪೇಚಿಯಮ್ಮಾಳ್ ಹಿತ್ತಲಲ್ಲೇ ಒಲೆ ಹೂಡಿ ಮೊಟ್ಟೆ ಬೇಯಿಸಿ ಕೊಟ್ಟಳು.

ಐಪ್ಪಸಿ ಹುಟ್ಟಿತು. ಪೇಚಿಯಮ್ಮಾಳ್ ತಟ್ಟೆಯಲ್ಲಿ ಕುಂಕುಮ, ಹೂವು ಇಟ್ಟುಕೊಂಡು ಪಕ್ಕದ ಮನೆಗೆ ಹೋಗಿ ಕರೆದಳು. ಗೋಮತಿ ಕುಂಕುಮ ತೆಗೆದುಕೊಂಡು, "ನೋಡೋಣ ಅಕ್ಕಾ" ಎಂದಳು. ಓಣಿಗೆಲ್ಲ ಕೇಳುವಂತೆ ಅಂದ ಮಾತು ಒಂದು ಚಿಟಿಕೆ ಕುಂಕುಮಕ್ಕೆ ಅಳಿಸುವುದಿಲ್ಲ ಎಂದು ಪೇಚಿಯಮ್ಮಾಳ್‌ಗೂ ಗೊತ್ತಿತ್ತು.

ಆದರೂ ಗೋಮತಿ ಬಂದಳು. ಬಂದು ಬಾಗಿಲ ಬಳಿ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಳು. ಮಣೆಯ ಮೇಲೆ ಅರಸಿ, ಎದುರಿಗೆ ತಟ್ಟೆಯ ತುಂಬ ಹಸಿರು ಕೆಂಪು ಗಾಜಿನ ಬಳೆ. ನಾಲ್ಕು ಮಕ್ಕಳ ತಾಯಿಯಾದ ಶೆಣ್ಬಗಮೂರ್ತಿಯ ಅಕ್ಕ ಮೊದಲ ಬಳೆ ತಾನೇ ತೊಡಿಸಬೇಕೆಂದು ಕೈ ಚಾಚಿದಳು.

"ಸ್ವಲ್ಪ ತಾಳಿ ಅತ್ತಿಗೆ," ಎಂದು ಪೇಚಿಯಮ್ಮಾಳ್ ಬಾಗಿಲಿಗೆ ಹೋದಳು. ಗೋಮತಿಯ ಕೈ ಹಿಡಿದು ತಂದು ಮಗಳ ಎದುರು ಕೂರಿಸಿ ಹಸಿರು ಬಳೆ ಕೊಟ್ಟಳು. ಹೆಂಗಸರಲ್ಲಿ ಗುಸುಗುಸು ಎದ್ದಿತು. ಅರಸಿ ನಗುತ್ತ ಬಲಗೈ ಚಾಚಿದಳು. ಬಳೆ ಬೆರಳು ದಾಟಿತು, ಅಂಗೈ ದಾಟಿತು, ಮಣಿಕಟ್ಟಿನಲ್ಲಿ ನಿಂತಿತು. ಬಸುರಿಯ ಕೈ ಊದಿತ್ತು. ಅಮ್ಮ ಕಟ್ಟಿದ ಕಪ್ಪು ದಾರ ಮಾಂಸದೊಳಕ್ಕೆ ಇಳಿದು ಸುತ್ತ ಕೆಂಪಾಗಿತ್ತು.

ಪೇಚಿಯಮ್ಮಾಳ್ ಅದನ್ನೇ ನೋಡಿದಳು. "ನೋವಾಗ್ತಿರಲಿಲ್ವೇನೇ?"

"ಆಗ್ತಿತ್ತು. ನೀನು ಬೈತೀಯ ಅಂತ ಸುಮ್ಮನಿದ್ದೆ."

ಪೇಚಿಯಮ್ಮಾಳ್ ಗೋಮತಿಯ ಸೊಂಟದಿಂದ ಪುಟ್ಟ ಕತ್ತರಿಯನ್ನು ತಾನೇ ಎಳೆದುಕೊಂಡಳು.

"ಏ ಪೇಚಿ, ಶುಭ ಹೊತ್ತಲ್ಲಿ ದಾರ ಕತ್ತರಿಸ್ತೀಯಲ್ಲೇ!" ಶೆಣ್ಬಗಮೂರ್ತಿಯ ಅಕ್ಕ ಕೂಗಿದಳು. "ಇಷ್ಟು ಜನ ಕೂತಿದಾರೆ, ಕಣ್ಣು ಬಿದ್ರೆ?"

"ಬೀಳಲಿ ಅತ್ತಿಗೆ. ನನ್ನ ಮಗಳನ್ನ ಸಾಕಿದ ಕಣ್ಣು ಇದು."

ಕತ್ತರಿ ಆಡಿತು. ದಾರ ಎರಡು ತುಂಡಾಗಿ ಮಣೆಯ ಪಕ್ಕ ಬಿತ್ತು. ಪೇಚಿಯಮ್ಮಾಳ್ ಮಗಳ ಮಣಿಕಟ್ಟನ್ನು ಹೆಬ್ಬೆರಳಿನಿಂದ ಮೆಲ್ಲಗೆ ತಿಕ್ಕಿ, "ಈಗ ಹಾಕಮ್ಮಾ ಗೋಮತಿ" ಎಂದಳು.

ಗೋಮತಿ ಕಣ್ಣು ತುಂಬ ಅರಸಿಯನ್ನು ನೋಡುತ್ತ ಬಳೆಯನ್ನು ಮೇಲಕ್ಕೆ ಸರಿಸಿದಳು.